ಕಾರಿನ ಮೇಲೆ ಗೀರು: ಉಜ್ಜುವ ಮೊದಲು ಎಷ್ಟು ಆಳ ಅಂತ ನೋಡಿ

ಕಾರಿಗೆ ಗೀರು ಬಿದ್ದ ಕೂಡಲೇ ಮನೆಯಲ್ಲಿ ಟೂತ್‌ಪೇಸ್ಟ್ ಹುಡುಕುತ್ತಾರೆ. ಇಲ್ಲದಿದ್ದರೆ ಅಂಗಡಿಯಿಂದ ಯಾವುದೋ ಕ್ರೀಮು ತಂದು ತಿಕ್ಕುತ್ತಾರೆ. ಕೆಲವು ಗೀರು ಇದರಿಂದ ಹೋಗುತ್ತವೆ. ಹೆಚ್ಚಿನವು ಹೋಗುವುದಿಲ್ಲ. ಕೆಲವು ಇನ್ನೂ ಕೆಡುತ್ತವೆ. ಯಾವ ಗೀರಿಗೆ ಯಾವ ಮದ್ದು ಅನ್ನುವುದು ಅದರ ಉದ್ದದ ಮೇಲೆ ನಿಂತಿಲ್ಲ, ಆಳದ ಮೇಲೆ ನಿಂತಿದೆ. ಆ ಆಳ ನೋಡಲು ಒಂದು ಚೊಂಬು ನೀರು ಮತ್ತು ನಿಮ್ಮ ಉಗುರು ಸಾಕು.

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಇನ್ನೊಂದು ತೊಡಕಿದೆ. ನಾವು ಗೀರು ಅಂದುಕೊಂಡಿದ್ದು ಎಷ್ಟೋ ಸಲ ಗೀರೇ ಆಗಿರುವುದಿಲ್ಲ. ಅದಿರಿನ ಧೂಳು ಕಚ್ಚಿಕೊಂಡಿರುತ್ತದೆ, ಬೋರ್ ನೀರು ಒಣಗಿ ಕಲೆಯಾಗಿರುತ್ತದೆ, ಪಕ್ಕದ ಆಟೋದ ಬಣ್ಣ ಮೆತ್ತಿಕೊಂಡಿರುತ್ತದೆ. ಅದಕ್ಕೇ ಇಲ್ಲಿ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಇಟ್ಟಿದ್ದೇನೆ, ಟಿಂಕರಿಂಗ್ ಅಂಗಡಿಯನ್ನು ಕೊನೆಗೆ.

ಎಲ್ಲಕ್ಕೂ ಮೊದಲು: ತೊಳೆದು, ನೆರಳಲ್ಲಿ ನೋಡಿ

ಕಾರಿನ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರ ಇರುತ್ತವೆ. ತಗಡಿಗೆ ಅಂಟಿದಂತೆ ತುಕ್ಕು ತಡೆಯುವ ತೆಳು ಪದರ. ಅದರ ಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿದು ನಿಲ್ಲಲು ಹಾಕುವ ಪದರ. ಅದರ ಮೇಲೆ ಬಣ್ಣ, ಅಂದರೆ ಬೇಸ್ ಕೋಟ್. ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ, ಹೊಳಪು ಕೊಡುವ ಕ್ಲಿಯರ್ ಕೋಟ್. ಕಂಪನಿಯಿಂದ ಬಂದ ಕಾರಿನಲ್ಲಿ ನಾಲ್ಕೂ ಸೇರಿ ಸುಮಾರು 100ರಿಂದ 150 ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಕ್ಲಿಯರ್ ಕೋಟ್ ಒಂದೇ ಸುಮಾರು 40ರಿಂದ 50 ಮೈಕ್ರಾನ್. ನಮ್ಮ ತಲೆಕೂದಲು ಇದಕ್ಕಿಂತ ದಪ್ಪ. ಮನೆಯಲ್ಲಿ ಉಜ್ಜಿ ಸರಿಮಾಡುವ ಕೆಲಸವೆಲ್ಲ ಈ ತೆಳು ಪದರದ ಒಳಗೇ ಮುಗಿಯಬೇಕು.

ಮೊದಲು ಗೀರಿರುವ ಜಾಗವನ್ನು ಶಾಂಪೂ ನೀರಿನಿಂದ ಚೆನ್ನಾಗಿ ತೊಳೆಯಿರಿ. ಕಾರು ಬಿಸಿಲಲ್ಲಿ ನಿಂತಿದ್ದರೆ ನೆರಳಿಗೆ ತಂದು ತಣ್ಣಗಾಗಲು ಬಿಡಿ. ಆಮೇಲೆ ಮೂರು ಸಂಗತಿ ನೋಡಿ.

ಒಂದು, ಗೀರಿನ ಮೇಲೆ ನೀರು ಸುರಿಯಿರಿ. ಒದ್ದೆ ಇರುವಷ್ಟು ಹೊತ್ತು ಗೀರು ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಅದು ಕ್ಲಿಯರ್ ಕೋಟಿನಲ್ಲೇ ಇದೆ. ಒಳ್ಳೆಯ ಸುದ್ದಿ.

ಎರಡು, ಉಗುರನ್ನು ಗೀರಿಗೆ ಅಡ್ಡವಾಗಿ ಮೆಲ್ಲಗೆ ಎಳೆಯಿರಿ. ಸರಾಗವಾಗಿ ಜಾರಿದರೆ ಮೇಲುಮೇಲಿನ ಗೀರು. ಸಿಕ್ಕಿಕೊಂಡರೆ ಆಳದ್ದು. ಅದನ್ನು ಉಜ್ಜಿ ಪೂರ್ತಿ ತೆಗೆಯುವ ಆಸೆ ಬೇಡ.

ಮೂರು, ಗೀರಿನ ತಳದ ಬಣ್ಣ. ಬರೀ ಬೆಳ್ಳಗಿನ ಮಂಕು ಗೆರೆಯಾಗಿದ್ದು ನೀರಿಗೆ ಮಾಯವಾದರೆ ಕ್ಲಿಯರ್ ಕೋಟ್. ನೀರು ಹಾಕಿದರೂ ಬೂದಿ ಅಥವಾ ಬೇರೆ ಬಣ್ಣ ಕಂಡರೆ ಪ್ರೈಮರ್. ಬೆಳ್ಳಿಯಂತೆ ಮಿಂಚಿದರೆ, ಇಲ್ಲವೇ ಕಂದು ತುಕ್ಕು ಕಂಡರೆ ತಗಡು. ಬಂಪರಿನಲ್ಲಿ ಕಪ್ಪು ಕಂಡರೆ ಅದು ಪ್ಲಾಸ್ಟಿಕ್ಕು, ತುಕ್ಕಿನ ಭಯವಿಲ್ಲ.

ಬಿಳಿ ಕಾರಿನಲ್ಲಿ ಮೂರನೆಯ ಪರೀಕ್ಷೆ ಸ್ವಲ್ಪ ಮೋಸ ಮಾಡುತ್ತದೆ. ಬಣ್ಣವೂ ಬಿಳಿ, ಗೀರೂ ಬಿಳಿ. ಅಲ್ಲಿ ನೀರು ಮತ್ತು ಉಗುರನ್ನೇ ನಂಬಿ. ವಿಮೆ ಕ್ಲೇಮ್ ಮಾಡುವ ಯೋಚನೆ ಇದ್ದರೆ ಏನೂ ಹಚ್ಚುವ ಮೊದಲು ನಾಲ್ಕು ಫೋಟೋ ತೆಗೆದಿಡಿ.

ಗೀರಿನಲ್ಲಿ ಬೇರೆ ಬಣ್ಣ ಕಾಣುತ್ತದೆ: ಹಳದಿ, ನೀಲಿ, ಕಪ್ಪು

ನಿಮ್ಮದು ಬಿಳಿ ಕಾರು, ಬಾಗಿಲ ಮೇಲೆ ಹಳದಿ ಪಟ್ಟಿ. ಇದು ಬಣ್ಣ ಹೋಗಿದ್ದಲ್ಲ, ಬಂದಿದ್ದು. ಸಂತೆ ದಿನ ಗಾಡಿ ನಿಲ್ಲಿಸಿದಾಗ ಆಟೋನೋ, ಟ್ರ್ಯಾಕ್ಟರಿನ ಟ್ರೇಲರ್ರೋ ಸವರಿ ಹೋಗಿರುತ್ತದೆ. ಕೈಯಾಡಿಸಿದರೆ ಗೆರೆ ಮೇಲಕ್ಕೆ ಉಬ್ಬಿದಂತೆ ಇರುತ್ತದೆ, ತಗ್ಗಾಗಿ ಇರುವುದಿಲ್ಲ.

ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಮೆತ್ತನೆ ಬಟ್ಟೆಗೆ ಹಾಕಿ, ಒತ್ತದೆ ಒರೆಸಿ. ಹೋಗದಿದ್ದರೆ ಸಣ್ಣ ಜಾಗಕ್ಕೆ ಪಾಲಿಶ್, ಅಂದರೆ ಮೆಲ್ಲಗೆ ಉಜ್ಜುವ ನುಣುಪು ಕ್ರೀಮು ಹಚ್ಚಿ ನೋಡಿ. ಕಪ್ಪು ಚುಕ್ಕೆ ಡಾಂಬರಿನದಾದರೆ ಬಟ್ಟೆಗೆ ಒಂದೆರಡು ಹನಿ ಸೀಮೆಎಣ್ಣೆ ಸಾಕು. ಆಮೇಲೆ ಶಾಂಪೂ ಹಾಕಿ ತೊಳೆಯಿರಿ. ಥಿನ್ನರ್ ಬೇಡ. ಕಂಪನಿ ಬಣ್ಣ ಅದನ್ನು ಸ್ವಲ್ಪ ಹೊತ್ತು ತಡೆದೀತು. ಆದರೆ ಹಿಂದೆ ಯಾವಾಗಲೋ ಲೋಕಲ್ ಪೇಂಟ್ ಮಾಡಿದ ಪ್ಯಾನೆಲ್ ಆಗಿದ್ದರೆ ಬಣ್ಣವೇ ಕರಗಿ ಬಟ್ಟೆಗೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕಾರಿನವರು ಯಾವುದನ್ನೇ ಆಗಲಿ ಮೊದಲು ಬಾಗಿಲಿನ ಕೆಳ ಅಂಚಿನಲ್ಲಿ, ಕಾಣದ ಕಡೆ ಹಚ್ಚಿ ನೋಡಬೇಕು.

ಈ ದ್ರವಗಳೆಲ್ಲ ಬೇಗ ಹೊತ್ತಿಕೊಳ್ಳುವಂಥವು. ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಕೆಲಸ ಬೇಡ. ಬೀಡಿ ಸಿಗರೇಟು ದೂರ ಇರಲಿ.

ಸಣ್ಣ ಕೆಂಪು ಚುಕ್ಕೆ, ಕೈಯಾಡಿಸಿದರೆ ಒರಟು

ಸಂಡೂರು, ತೋರಣಗಲ್ಲು, ಹೊಸಪೇಟೆ ರಸ್ತೆಯಲ್ಲಿ ದಿನಾ ಓಡಾಡುವ ಬಿಳಿ ಕಾರಿನವರಿಗೆ ಇದು ಗೊತ್ತು. ಕೊಪ್ಪಳದ ಗಿಣಿಗೇರಿ ಕಡೆಯವರಿಗೂ ಗೊತ್ತು. ತೊಳೆದ ಮೇಲೂ ಬಾನೆಟ್ಟು, ಹಿಂದಿನ ಡಿಕ್ಕಿ ಬಾಗಿಲ ಮೇಲೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು ಉಳಿಯುತ್ತವೆ. ಕಾರಿಗೆ ತುಕ್ಕು ಹಿಡಿಯಿತು ಅಂತ ಹೆದರುತ್ತಾರೆ. ಹೆಚ್ಚಿನ ಸಲ ಅದು ಹೊರಗಿನಿಂದ ಬಂದು ಕ್ಲಿಯರ್ ಕೋಟಿಗೆ ಕಚ್ಚಿಕೊಂಡ ಕಬ್ಬಿಣದ ಕಣ. ತುಕ್ಕು ಹಿಡಿದಿರುವುದು ಆ ಕಣಕ್ಕೆ, ನಿಮ್ಮ ತಗಡಿಗಲ್ಲ.

ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ, ತೊಳೆದು ಒದ್ದೆ ಇರುವ ಬಾನೆಟ್ ಮೇಲೆ ಆಡಿಸಿ. ಮರಳು ಕಾಗದದಂತೆ ಒರಟಾಗಿದ್ದರೆ ಕಣ ಕೂತಿವೆ ಅಂತ ಲೆಕ್ಕ. ಇದನ್ನು ಉಗುರಿನಿಂದ ಕೆರೆಯಬೇಡಿ, ರಬ್ಬಿಂಗ್ ಕಂಪೌಂಡ್ (ಪಾಲಿಶಿಗಿಂತ ಜೋರಾಗಿ ಉಜ್ಜುವ ಕ್ರೀಮು) ಹಾಕಿ ತಿಕ್ಕಲೂ ಬೇಡಿ. ತಿಕ್ಕಿದರೆ ಆ ಕಣ ಎದ್ದು ಬಂದು ಬಟ್ಟೆಯ ಜತೆ ಉರುಳಿ, ಇಲ್ಲದ ಗೀರನ್ನು ಹುಟ್ಟಿಸುತ್ತದೆ.

ಐರನ್ ರಿಮೂವರ್ ಅಂತ ಸ್ಪ್ರೇ ಸಿಗುತ್ತದೆ. ತಣ್ಣಗಿರುವ ಕಾರಿಗೆ ನೆರಳಲ್ಲಿ ಹೊಡೆಯಿರಿ. ಕಬ್ಬಿಣ ಇರುವ ಕಡೆ ನೇರಳೆ ಬಣ್ಣವಾಗಿ ಇಳಿಯುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದೆ, ಅದು ಸಹಜ. ಕೈಗವಸು ಹಾಕಿಕೊಳ್ಳಿ. ಡಬ್ಬಿಯ ಮೇಲೆ ಹೇಳಿದಷ್ಟು ನಿಮಿಷ ಬಿಟ್ಟು, ಒಣಗುವ ಮೊದಲೇ ತೊಳೆಯಿರಿ. ಇನ್ನೂ ಒರಟಿದ್ದರೆ ಕ್ಲೇ ಬಾರ್ ಬಳಸಿ, ಅದು ಕಣಗಳನ್ನು ಎಳೆದು ತೆಗೆಯುವ ಮೆತ್ತನೆ ಮುದ್ದೆ. ಶಾಂಪೂ ನೀರು ಧಾರಾಳವಾಗಿ ಇರಲಿ, ಕ್ಲೇ ಜಾರಬೇಕು. ಕೈತಪ್ಪಿ ನೆಲಕ್ಕೆ ಬಿದ್ದರೆ ಆ ತುಂಡನ್ನು ಎಸೆದುಬಿಡಿ. ತೊಳೆದು ಬಳಸುತ್ತೇನೆ ಅನ್ನಬೇಡಿ, ಒಳಗೆ ಸೇರಿದ ಮರಳು ಹೊರಗೆ ಬರುವುದಿಲ್ಲ.

ಚುಕ್ಕೆಯ ಸುತ್ತ ಬಣ್ಣ ಗುಳ್ಳೆಯಂತೆ ಉಬ್ಬಿದ್ದರೆ ಮಾತ್ರ ಅದು ಒಳಗಿನ ತುಕ್ಕು. ಅದರ ವಿಷಯ ಕೆಳಗೆ ಬರುತ್ತದೆ.

ಬಿಳಿ ಉಂಗುರ, ನೀರಿನ ಹನಿಯ ಆಕಾರ

ಬೋರ್ ನೀರಿನ ಗಡಸುತನ ಇದು. ತೊಳೆದು ಹಾಗೇ ಬಿಸಿಲಿಗೆ ಬಿಟ್ಟರೆ ನೀರು ಆರಿ ಉಪ್ಪು ಉಳಿಯುತ್ತದೆ. ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒಂದೆರಡು ನಿಮಿಷ ಇಟ್ಟು, ತೊಳೆದು ಒರೆಸಿ. ಹಳೆಯ ಕಲೆ ಕ್ಲಿಯರ್ ಕೋಟನ್ನೇ ತಿಂದಿದ್ದರೆ ಪಾಲಿಶ್ ಬೇಕಾಗುತ್ತದೆ. ಹಕ್ಕಿ ಹಿಕ್ಕೆಯೂ ಹೀಗೆಯೇ ಕಲೆ ಮಾಡುತ್ತದೆ. ಒಣಗಿದ್ದನ್ನು ಕೆರೆಯದೆ, ಒದ್ದೆ ಬಟ್ಟೆ ಹೊದಿಸಿ ನೆನೆಸಿ ತೆಗೆಯಿರಿ.

ಬಿಸಿಲಿಗೆ ಹಿಡಿದರೆ ಜೇಡರ ಬಲೆಯಂತೆ ಸುರುಳಿ ಗೆರೆಗಳು

ನೆರಳಲ್ಲಿ ಕಾರು ಚೆನ್ನಾಗೇ ಕಾಣುತ್ತದೆ. ಬಿಸಿಲಿಗೆ ಬಂದರೆ ಸೂರ್ಯನ ಪ್ರತಿಬಿಂಬದ ಸುತ್ತ ನೂರಾರು ಸಣ್ಣ ಗೆರೆ. ಕಪ್ಪು, ಕಡುನೀಲಿ ಕಾರಿನಲ್ಲಿ ಇನ್ನೂ ಜಾಸ್ತಿ. ಇದು ಯಾರೋ ಬೇಕೆಂದು ಮಾಡಿದ್ದಲ್ಲ. ದಿನಾ ಬೆಳಿಗ್ಗೆ ಪ್ರೀತಿಯಿಂದ ಕಾರು ಒರೆಸುತ್ತೀರಲ್ಲ, ಅದೇ ಮಾಡಿದ್ದು.

ನಮ್ಮ ಕಡೆಯ ಧೂಳಿನ ಗುಣ ಸ್ವಲ್ಪ ನೋಡಿ. ಸಂಡೂರಿನ ಕೆಂಪು ಧೂಳಿನಲ್ಲಿ ಇರುವುದು ಹೆಮಟೈಟ್ ಅದಿರು. ಗಟ್ಟಿತನದ ಮೋಸ್ ಅಳತೆಯಲ್ಲಿ ಅದು 5.5ರಿಂದ 6.5. ಮಾಮೂಲಿ ಮರಳಿನ ಕ್ವಾರ್ಟ್ಜ್ 7. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ ಕಡೆ ಹಾರುವ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದ ಸುತ್ತಮುತ್ತ ಬೀಳುವ ಹಾರುಬೂದಿಯಲ್ಲೂ ಸಿಲಿಕಾ ಇದೆ, ಅಲ್ಯುಮಿನಾ ಇದೆ. ಎಲ್ಲವೂ ಕ್ಲಿಯರ್ ಕೋಟಿಗಿಂತ ಎಷ್ಟೋ ಗಟ್ಟಿ. ಇದರ ಮೇಲೆ ಒಣಬಟ್ಟೆ ಎಳೆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಕೋಳಿಪುಕ್ಕದ ಡಸ್ಟರ್ ಆದರೂ ಅಷ್ಟೇ, ವ್ಯಾಕ್ಸ್ ಹಾಕಿದ ದಾರದ ಬ್ರಷ್ ಆದರೂ ಅಷ್ಟೇ.

ಮದ್ದಿಗಿಂತ ಮೊದಲು ಕಾರಣ ನಿಲ್ಲಿಸಬೇಕು. ಇಲ್ಲದಿದ್ದರೆ ಪಾಲಿಶ್ ಮಾಡಿಸಿದ ತಿಂಗಳಿಗೆ ಮತ್ತೆ ಅದೇ ಕಥೆ. ಒಣಬಟ್ಟೆ ಒರೆಸುವುದನ್ನು ಬಿಡಿ. ವಾರಕ್ಕೊಮ್ಮೆ ತೊಳೆದರೆ ಸಾಕು, ನಡುವೆ ಧೂಳಿದ್ದರೆ ಇರಲಿ. ಧೂಳು ಸುಮ್ನೆ ಕೂತಿದ್ದರೆ ಗೀರು ಮಾಡುವುದಿಲ್ಲ. ಗಾಜು, ಕನ್ನಡಿ ಮಾತ್ರ ಒರೆಸಿಕೊಳ್ಳಿ.

ತೊಳೆಯುವಾಗ ಮೊದಲು ಬರೀ ನೀರು ಬಿಟ್ಟು ಧೂಳು ಇಳಿಸಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ ಬನ್ನಿ. ಬಾಗಿಲಿನ ಕೆಳಭಾಗ, ಬಂಪರ್ ಕೊನೆಗೆ. ಎರೆಮಣ್ಣು ಮೆತ್ತಿ ಒಣಗಿದ್ದರೆ ಕೀಳಬೇಡಿ, ಹತ್ತು ನಿಮಿಷ ನೆನೆಸಿ ನೀರಿನಲ್ಲೇ ಇಳಿಸಿ. ಪಾತ್ರೆ ಸೋಪು, ಬಟ್ಟೆ ಪೌಡರ್ ಬೇಡ. ಹಾಕಿದ ವ್ಯಾಕ್ಸನ್ನು ಅವು ತೆಗೆದುಹಾಕುತ್ತವೆ. ವಾಟರ್ ಸರ್ವಿಸಿಗೆ ಕೊಡುವವರು ಅಲ್ಲಿನ ಬಟ್ಟೆ ನೋಡಿ. ಲಾರಿ ಒರೆಸಿದ ಬಟ್ಟೆಯಲ್ಲೇ ನಿಮ್ಮ ಕಾರನ್ನೂ ಒರೆಸಿದರೆ ನೀವು ದುಡ್ಡು ಕೊಟ್ಟು ಗೀರು ಹಾಕಿಸಿಕೊಂಡಂತೆ. ಸ್ವಂತ ಮೈಕ್ರೋಫೈಬರ್ ಬಟ್ಟೆ ಕೊಟ್ಟರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಈಗಾಗಲೇ ಬಿದ್ದ ಸುರುಳಿಗೆ ಸಣ್ಣ ಪಾಲಿಶ್ ಸಾಕು, ಕಂಪೌಂಡ್ ಬೇಡ. ಇಡೀ ಕಾರನ್ನು ಕೈಯಲ್ಲಿ ಮಾಡುವುದು ತೋಳಿಗೆ ಶಿಕ್ಷೆ, ಫಲವೂ ಸಮ ಬರುವುದಿಲ್ಲ. ಇದೊಂದನ್ನು ಮೆಷಿನ್ ಇರುವ ಡಿಟೇಲಿಂಗ್ ಅಂಗಡಿಗೆ ಕೊಡುವುದೇ ಲೇಸು. ಬರೀ ವ್ಯಾಕ್ಸ್ ಹಾಕಿದರೆ ಗೆರೆ ತುಂಬಿಕೊಂಡು ಕೆಲವು ವಾರ ಕಾಣುವುದಿಲ್ಲ. ಕೆಲವರಿಗೆ ಅಷ್ಟೇ ಸಾಕು, ತಪ್ಪೇನಿಲ್ಲ.

ಬಾಗಿಲ ಉದ್ದಕ್ಕೂ ಬಿಳಿ ಗೆರೆ, ನೀರು ಹಾಕಿದರೆ ಮಾಯ

ಇದಕ್ಕೆ ಇಲ್ಲಿ ದೊಡ್ಡ ಕಾರಣ ಬಳ್ಳಾರಿ ಜಾಲಿ. ಹಳ್ಳಿ ರಸ್ತೆಯಲ್ಲಿ ಎದುರಿಗೆ ಹುಲ್ಲಿನ ಟ್ರ್ಯಾಕ್ಟರ್ ಬಂದರೆ ಬದಿಗೆ ಸರಿಯಲೇಬೇಕು. ಬದಿಯಲ್ಲಿ ಜಾಲಿ ಕಾದೇ ಇರುತ್ತದೆ. ಮುಂದಿನ ಬಾಗಿಲಿನಿಂದ ಹಿಂದಿನವರೆಗೆ ಉದ್ದನೆಯ ಗೆರೆಗಳು. ಇನ್ನೊಂದು ಕಾರಣ ಜೀನ್ಸ್ ಪ್ಯಾಂಟಿನ ಗುಂಡಿ, ರಿವೆಟ್. ಕಾರಿಗೆ ಒರಗಿ ಹರಟೆ ಹೊಡೆದ ಜಾಗದಲ್ಲಿ ಸಣ್ಣ ಅರ್ಧಚಂದ್ರದ ಗುರುತು ಬಿದ್ದಿರುತ್ತದೆ. ಜೀನ್ಸ್ ಹೊಲಿಯುವುದರಲ್ಲಿ ಹೆಸರಾದ ಊರು ನಮ್ಮ ಬಳ್ಳಾರಿ, ಗೀರಿನಲ್ಲೂ ಅದರ ಪಾಲಿರಲಿ ಬಿಡಿ.

ಜಾಲಿಯ ಗೀರು ಒಂದೇ ಆಳದ್ದಲ್ಲ. ಟೊಂಗೆ ಸವರಿದ ಕಡೆ ಮೇಲುಮೇಲಿನದು, ಮುಳ್ಳು ಒತ್ತಿದ ಕಡೆ ಆಳದ್ದು. ಆದ್ದರಿಂದ ಒಂದೇ ಗೆರೆಯನ್ನು ಮೂರು ನಾಲ್ಕು ಕಡೆ ಉಗುರಿನಿಂದ ನೋಡಿ. ಉಗುರು ಜಾರುವ ಭಾಗಕ್ಕೆ ಮನೆಯಲ್ಲೇ ಮದ್ದು ಮಾಡಬಹುದು.

ಬೇಕಾದ್ದು: ಒಂದು ಟ್ಯೂಬ್ ರಬ್ಬಿಂಗ್ ಕಂಪೌಂಡ್, ಒಂದು ಪಾಲಿಶ್, ಸ್ವಲ್ಪ ವ್ಯಾಕ್ಸ್, ಸ್ಪಂಜಿನ ಅಪ್ಲಿಕೇಟರ್, ಮೂರು ನಾಲ್ಕು ಸ್ವಚ್ಛ ಮೈಕ್ರೋಫೈಬರ್ ಬಟ್ಟೆ, ಮಾಸ್ಕಿಂಗ್ ಟೇಪ್.

ಹೊತ್ತು ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಬಿಸಿಲಿಗೆ ನಿಂತ ಬಾನೆಟ್ ಮೇಲೆ ಕೈ ಇಡಲು ಆಗುವುದಿಲ್ಲ. ಅಂಥ ತಗಡಿಗೆ ಕಂಪೌಂಡ್ ಹಾಕಿದರೆ ಕ್ಷಣದಲ್ಲಿ ಒಣಗಿ ಪುಡಿಯಾಗುತ್ತದೆ, ಆ ಪುಡಿಯೇ ಗೀರು ಹಾಕುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲು, ನೆರಳಲ್ಲಿ ಮಾಡಿ. ಅಂಗೈ ಆರಾಮಾಗಿ ತಗಡಿನ ಮೇಲೆ ನಿಂತರೆ ಸರಿ.

ಕಪ್ಪು ಪ್ಲಾಸ್ಟಿಕ್ ಪಟ್ಟಿ, ರಬ್ಬರ್ ಬೀಡಿಂಗ್ ಮೇಲೆ ಟೇಪ್ ಅಂಟಿಸಿ. ಕಂಪೌಂಡ್ ತಾಗಿದರೆ ಅವು ಬೆಳ್ಳಗಾಗಿ ಹಾಗೇ ಉಳಿಯುತ್ತವೆ. ಮೊದಲು ಪಾಲಿಶಿನಿಂದ ಶುರುಮಾಡಿ. ಕಡಿಮೆ ತಿನ್ನುವ ಮದ್ದಿನಲ್ಲಿ ಗುಣವಾದರೆ ಜೋರಿನದು ಯಾಕೆ ಬೇಕು? ಅಂಗೈ ಅಗಲದ ಜಾಗಕ್ಕೆ ಕಡಲೆಕಾಳಿನಷ್ಟು ಹಚ್ಚಿ, ಮಧ್ಯಮ ಒತ್ತಡದಲ್ಲಿ ಹಿಂದೆ ಮುಂದೆ, ಆಮೇಲೆ ಮೇಲೆ ಕೆಳಗೆ ಉಜ್ಜಿ. ಒರೆಸಿ ನೋಡಿ. ಹೋಗದಿದ್ದರೆ ಕಂಪೌಂಡಿಗೆ ಹೋಗಿ, ಅದೇ ರೀತಿ. ಎರಡು ಮೂರು ಸುತ್ತಾದ ಮೇಲೆ ಗೀರು ಅರ್ಧಕ್ಕಿಂತ ಜಾಸ್ತಿ ಮಂಕಾದರೆ ಅಲ್ಲಿಗೆ ನಿಲ್ಲಿಸಿ. ಪಾಲಿಶ್ ಹಚ್ಚಿ ಹೊಳಪು ತಂದು, ವ್ಯಾಕ್ಸ್ ಹಾಕಿ ಮುಗಿಸಿ.

ಪೂರ್ತಿ ಹೋಗಲೇಬೇಕು ಅನ್ನುವ ಹಟ ಬೇಡ. ಉಜ್ಜುವುದು ಅಂದರೆ ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನು ಗೀರಿನ ತಳಕ್ಕೆ ಇಳಿಸುವುದು. ಬಿಸಿಲಿನ ನೇರಳಾತೀತ ಕಿರಣ ತಡೆಯುವ ಕೆಲಸವೂ ಈ ಪದರದ್ದೇ. ಅದನ್ನು ತೀರಾ ತೆಳು ಮಾಡಿದರೆ ಕೆಲವು ವರ್ಷಕ್ಕೆ ಬಿಳಿ ತೇಪೆಯಂತೆ ಸಿಪ್ಪೆ ಏಳುತ್ತದೆ. ನಮ್ಮ ಬಿಸಿಲಿಗೆ ಬೇಗನೇ ಏಳಬಹುದು. ತಿಳಿದು ನೋಡಿದರಷ್ಟೇ ಕಾಣುವ ಗೀರು ಇದ್ದರೆ ಇರಲಿ ಅನ್ನುವುದು ನನ್ನ ಪಕ್ಷ.

ಬಾಗಿಲಿನ ಅಂಚು, ಬಾನೆಟ್ಟಿನ ಮಡಿಕೆ ಗೆರೆ, ಇಂಥ ಕಡೆ ಬಣ್ಣ ತೆಳುವಾಗಿರುತ್ತದೆ. ಅಲ್ಲಿ ಒತ್ತಬೇಡಿ, ಅಗತ್ಯ ಬಿದ್ದರೆ ಟೇಪ್ ಹಾಕಿ ಕಾಪಾಡಿ.

ಟೂತ್‌ಪೇಸ್ಟ್ ಬಗ್ಗೆ: ಅದರಲ್ಲೂ ಸಣ್ಣ ತಿನ್ನುವ ಪುಡಿ ಇರುತ್ತದೆ, ತೀರಾ ಮೇಲಿನ ಗೀರು ಮಸುಕಾಗಬಹುದು. ಆದರೆ ಪುಡಿಯ ಗಾತ್ರ ಬ್ರಾಂಡಿಗೊಂದು ಥರ. ಕಂಪೌಂಡ್ ಟ್ಯೂಬು ನೂರರ ಲೆಕ್ಕದಲ್ಲಿ ಸಿಗುವಾಗ ಆ ಜೂಜು ಬೇಡ. ಕೊಬ್ಬರಿ ಎಣ್ಣೆ, ಡಬ್ಲ್ಯೂಡಿ-40 ಹಚ್ಚಿದರೆ ಗೀರು ಮಾಯವಾದಂತೆ ಕಾಣುವುದು ನೀರಿನ ಪರೀಕ್ಷೆಯ ಹಾಗೇ. ತೊಳೆದರೆ ವಾಪಸ್ ಬರುತ್ತದೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಅಂತೂ ಕಾರಿನ ಹತ್ತಿರವೂ ಸುಳಿಯಬಾರದು.

ಇನ್ನೊಂದು ಎಚ್ಚರ. ಕಬ್ಬಿಣ ಕತ್ತರಿಸುವ ಆಂಗಲ್ ಗ್ರೈಂಡರಿಗೆ ಉಣ್ಣೆ ಪ್ಯಾಡ್ ಸಿಕ್ಕಿಸಿ ಪಾಲಿಶ್ ಮಾಡುವವರಿದ್ದಾರೆ. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಪಾಲಿಶ್ ಮೆಷಿನ್ ಕೆಲಸ ಮಾಡುವುದು ಹೆಚ್ಚೆಂದರೆ 3,000ದ ಆಚೀಚೆ. ಗ್ರೈಂಡರ್ ಕೆಲವೇ ಸೆಕೆಂಡಿನಲ್ಲಿ ಬಣ್ಣ ಸುಟ್ಟು ಪ್ರೈಮರ್ ತೋರಿಸುತ್ತದೆ. ಯಾವ ಮೆಷಿನ್ ಆದರೂ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಹಿಡಿಯಬೇಡಿ, ವೈರು ನೀರಿನಲ್ಲಿ ಬಿದ್ದಿರಬಾರದು.

ಉಜ್ಜುವಾಗ ಬಟ್ಟೆಗೆ ಕಾರಿನ ಬಣ್ಣ ಬಂತು

ಅಲ್ಲೇ ಕೈ ನಿಲ್ಲಿಸಿ. ಎರಡು ಅರ್ಥ ಇರಬಹುದು. ಹಳೆಯ ಕಾರಾಗಿದ್ದು ಕ್ಲಿಯರ್ ಕೋಟೇ ಇಲ್ಲದ ಬಣ್ಣವಾದರೆ ಬಟ್ಟೆಗೆ ಬಣ್ಣ ಬರುವುದು ಸಹಜ. ಈಗಿನ ಕಾರಾದರೆ ಕ್ಲಿಯರ್ ಕೋಟ್ ದಾಟಿ ಬಣ್ಣಕ್ಕೆ ಇಳಿದಿದ್ದೀರಿ ಅಂತ. ಯಾವುದು ಅಂತ ತಿಳಿಯಲು ಗೀರಿಲ್ಲದ ಬೇರೆ ಮೂಲೆಯಲ್ಲಿ ಸ್ವಲ್ಪ ಪಾಲಿಶ್ ಹಚ್ಚಿ ನೋಡಿ. ಅಲ್ಲಿಯೂ ಬಣ್ಣ ಬಂದರೆ ಮೊದಲನೆಯದು. ಅಲ್ಲಿ ಬರದೆ ಇಲ್ಲಿ ಮಾತ್ರ ಬಂದರೆ ಎರಡನೆಯದು, ಆ ಪ್ಯಾನೆಲ್ಲಿಗೆ ಇನ್ನು ಪೇಂಟರೇ ಗತಿ. ಉಜ್ಜಿದ ಜಾಗ ಬರೀ ಮಂಜು ಮುಸುಕಿದಂತೆ ಕಂಡರೆ ಭಯವಿಲ್ಲ. ಅದು ಕಂಪೌಂಡಿನ ಗುರುತು, ಪಾಲಿಶಿಗೆ ಹೋಗುತ್ತದೆ.

ಉಗುರು ಸಿಕ್ಕುತ್ತದೆ, ಒಳಗೆ ಬೂದಿ ಬಣ್ಣ

ಕೀಲಿಯಿಂದ ಎಳೆದಿದ್ದು, ಗೇಟಿಗೆ ತಾಗಿದ್ದು, ಹೆದ್ದಾರಿಯಲ್ಲಿ ಅದಿರಿನ ಲಾರಿ ಹಿಂದೆ ಹೋಗಿ ಬಾನೆಟ್ಟಿಗೆ ಕಲ್ಲು ಸಿಡಿದಿದ್ದು ಈ ಸಾಲಿಗೆ ಬರುತ್ತವೆ. ಇಲ್ಲಿ ಬಣ್ಣ ಹೋಗಿದೆ. ಉಜ್ಜಿದರೆ ಬರುವುದಿಲ್ಲ, ತುಂಬಬೇಕು. ಅದಕ್ಕೆ ಟಚಪ್ ಬಾಟಲಿ, ಅಂದರೆ ಕಾರಿನದೇ ಬಣ್ಣ ತುಂಬಿದ ಸಣ್ಣ ಬಾಟಲಿ.

ಬಣ್ಣದ ಕೋಡ್ ಇಲ್ಲದೆ ಕೊಳ್ಳಬೇಡಿ. ಬಿಳಿ ಅಂದರೆ ಒಂದೇ ಬಿಳಿ ಅಲ್ಲ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ, ಇಲ್ಲವೇ ಬಾನೆಟ್ ಒಳಗಿನ ಪಟ್ಟಿಯ ಮೇಲೆ ಕೋಡ್ ಇರುತ್ತದೆ. ಸಿಗದಿದ್ದರೆ ಚಾಸಿ ನಂಬರ್ ಕೊಟ್ಟು ಶೋರೂಮಿನ ಪಾರ್ಟ್ಸ್ ಕೌಂಟರಿನಲ್ಲಿ ಕೇಳಿ. ಕೋಡ್ ಸರಿಯಿದ್ದರೂ ಬಿಸಿಲಿಗೆ ಮಾಸಿದ ಹಳೇ ಕಾರಿನಲ್ಲಿ ಹೊಸ ಬಣ್ಣ ಸ್ವಲ್ಪ ಎದ್ದು ಕಾಣುತ್ತದೆ. ಬರೀ ಬಿಳಿ, ಬರೀ ಕೆಂಪು ಚೆನ್ನಾಗಿ ಕೂಡುತ್ತವೆ. ಸಿಲ್ವರ್ ಬಹಳ ಕಷ್ಟ, ಅದರೊಳಗಿನ ಮಿಂಚಿನ ಹುಡಿ ಬ್ರಷ್‌ನಲ್ಲಿ ಸ್ಪ್ರೇ ಮಾಡಿದಂತೆ ಮಲಗುವುದಿಲ್ಲ.

ಗೀರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ವ್ಯಾಕ್ಸ್ ಜಿಡ್ಡು ಇರಬಾರದು. ಬಾಟಲಿಯ ಬ್ರಷ್ ದಪ್ಪ, ಅದನ್ನು ಬಿಟ್ಟು ಹಲ್ಲುಕಡ್ಡಿ ಅಥವಾ ತೆಳು ಚಿತ್ರದ ಬ್ರಷ್ ತೊಗೊಳ್ಳಿ. ಗೀರಿನ ಒಳಗೆ ಮಾತ್ರ, ತೆಳುವಾಗಿ. ಒಣಗಲು ಬಿಟ್ಟು ಇನ್ನೊಂದು ಸುತ್ತು. ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆ ಮೇಲೆ ಬಂದಾಗ ನಿಲ್ಲಿಸಿ, ಕೊನೆಗೆ ಕ್ಲಿಯರ್. ಒಂದೇ ಸಲ ದಪ್ಪಗೆ ತುಂಬಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿದು ಆಮೇಲೆ ಕುಸಿಯುತ್ತದೆ. ಮಧ್ಯಾಹ್ನದ ಗಾಳಿ ಧೂಳಿನಲ್ಲಿ ಈ ಕೆಲಸ ಬೇಡ.

ಒಂದು ವಾರ ಬಿಟ್ಟ ಮೇಲೆ, ಧೈರ್ಯ ಇದ್ದವರು 2000 ನಂಬರಿನ ವಾಟರ್ ಪೇಪರ್ (ಒದ್ದೆಮಾಡಿ ಉಜ್ಜುವ ಮರಳು ಕಾಗದ) ನೀರಿನಲ್ಲಿ ನೆನೆಸಿ ಉಬ್ಬಿದ ಭಾಗವನ್ನಷ್ಟೇ ಸಮ ಮಾಡಿ, ಆಮೇಲೆ 3000, ಆಮೇಲೆ ಕಂಪೌಂಡ್. ಅಭ್ಯಾಸ ಇಲ್ಲದವರು ಹಾಗೇ ಬಿಡಿ. ಸ್ವಲ್ಪ ಉಬ್ಬಿದ ಟಚಪ್ ಗೆರೆ ನಾಲ್ಕಡಿ ದೂರಕ್ಕೆ ಕಾಣುವುದಿಲ್ಲ. ಸುತ್ತಲಿನ ಕ್ಲಿಯರ್ ಕೋಟ್ ತಿಂದುಹಾಕಿದ ಮಂಕು ತೇಪೆ ಹತ್ತಡಿಗೂ ಕಾಣುತ್ತದೆ.

ತಗಡು ಮಿಂಚುತ್ತಿದೆ, ಅಥವಾ ತುಕ್ಕು ಬಂದಿದೆ

ಹೊಸ ಗೀರಿನಲ್ಲಿ ತಗಡು ಕಂಡರೆ ಅಂದವನ್ನು ಆಮೇಲೆ ನೋಡಿ, ಮೊದಲು ಗಾಳಿ ನೀರು ತಾಗದಂತೆ ಮುಚ್ಚಿ. ತೊಳೆದು ಒಣಗಿಸಿ ಟಚಪ್ ಪ್ರೈಮರ್ ಹಚ್ಚಿ. ಸಿಗುವವರೆಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಆದರೂ ನಡೆಯುತ್ತದೆ. ನಮ್ಮದು ಒಣ ಸೀಮೆ, ಕರಾವಳಿಯಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ. ಹಾಗಂತ ಮಳೆಗಾಲ ದಾಟಲು ಬಿಡಬೇಡಿ.

ಮೇಲೆ ತೆಳುವಾಗಿ ತುಕ್ಕು ಬಂದಿದ್ದರೆ ಸಣ್ಣ ವಾಟರ್ ಪೇಪರಿನಿಂದ ತಗಡು ಕಾಣುವವರೆಗೆ ತೆಗೆದು, ಉಳಿದ ತುಕ್ಕನ್ನು ಬೆಳೆಯದಂತೆ ತಡೆಯುವ ರಸ್ಟ್ ಕನ್ವರ್ಟರ್ ಹಚ್ಚಿ, ಅದು ಒಣಗಿದ ಮೇಲೆ ಪ್ರೈಮರ್, ಬಣ್ಣ, ಕ್ಲಿಯರ್. ತುಕ್ಕಿನ ಮೇಲೇ ಬಣ್ಣ ಬಳಿದರೆ ಒಳಗೆ ಅದು ಬೆಳೆಯುತ್ತಲೇ ಇರುತ್ತದೆ. ಪೇಪರ್ ಹಾಕುವಾಗ ಮಾಸ್ಕ್ ಇರಲಿ, ಕಣ್ಣಿಗೆ ಕನ್ನಡಕ ಇರಲಿ.

ಬಣ್ಣ ಗುಳ್ಳೆ ಎದ್ದು, ಒತ್ತಿದರೆ ಕರಕರ ಅಂದರೆ ತುಕ್ಕು ಒಳಗಿನಿಂದ ಬರುತ್ತಿದೆ. ಬಾಗಿಲಿನ ಕೆಳ ಅಂಚಿನಲ್ಲಿ ಇದು ಜಾಸ್ತಿ. ಅಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ, ಧೂಳು ಹೊಟ್ಟು ಸೇರಿ ಕಟ್ಟಿಕೊಂಡಿರುತ್ತವೆ. ಪ್ಲಾಸ್ಟಿಕ್ ಕಡ್ಡಿಯಿಂದ ತೂತು ಬಿಡಿಸಿ. ಗುಳ್ಳೆಗೆ ಮನೆಮದ್ದಿಲ್ಲ, ಟಿಂಕರಿಗೆ ತೋರಿಸಿ.

ಬಂಪರಿನಲ್ಲಿ ಕಪ್ಪು ಕಾಣುತ್ತದೆ

ಪ್ಲಾಸ್ಟಿಕ್ ಆದ್ದರಿಂದ ಅವಸರವಿಲ್ಲ. ಬಂಪರಿಗೆ ತಾಗಿದ ಬಿಳಿ ಗುರುತು ಎಷ್ಟೋ ಸಲ ಗೋಡೆಯ ಸುಣ್ಣ, ತೊಳೆದು ಪಾಲಿಶ್ ಮಾಡಿದರೆ ಹೋಗುತ್ತದೆ. ಬಣ್ಣ ಸಿಪ್ಪೆಯಂತೆ ಏಳುತ್ತಿದ್ದರೆ ಸುತ್ತಲಿನದೂ ಏಳುತ್ತದೆ, ಟಚಪ್ ನಿಲ್ಲುವುದಿಲ್ಲ. ಪ್ಲಾಸ್ಟಿಕ್ಕಿಗೆ ಬೇರೆಯೇ ಪ್ರೈಮರ್ ಬೇಕು, ಪೇಂಟರ್ ಅದನ್ನು ಹಾಕುತ್ತಾರಾ ಅಂತ ಕೇಳಿ. ಬಂಪರಿನ ಹಿಂದೆ ರಾಡಾರ್ ಇರುವ ಹೊಸ ಕಾರಾದರೆ ಪುಟ್ಟಿ ಮೆತ್ತಿ ದಪ್ಪಗೆ ಬಣ್ಣ ಹೊಡೆಸಬೇಡಿ, ಕಂಪನಿ ಸರ್ವಿಸಿನಲ್ಲಿ ವಿಚಾರಿಸಿ. ಬಂಪರ್ ಕ್ಲಿಪ್ಪು ಬಿಟ್ಟು ಜೋಲುತ್ತಿದ್ದರೆ ಗೀರಿನ ಮಾತು ಆಮೇಲೆ, ಹೆದ್ದಾರಿಗೆ ಇಳಿಯುವ ಮೊದಲು ಅದನ್ನು ಕಟ್ಟಿಸಿ.

ಅಂಗಡಿಗೆ ಯಾವಾಗ, ಅಲ್ಲಿ ಏನು ಕೇಳಬೇಕು

ಗೀರಿನ ಜತೆ ತಗಡು ತಗ್ಗಾಗಿದ್ದರೆ, ಬೆರಳಗಲದಷ್ಟು ಬಣ್ಣ ಹೋಗಿದ್ದರೆ, ಗುಳ್ಳೆ ಎದ್ದಿದ್ದರೆ, ಕ್ಲಿಯರ್ ಕೋಟ್ ಸಿಪ್ಪೆ ಏಳುತ್ತಿದ್ದರೆ ಮನೆಯಲ್ಲಿ ಕೈ ಹಾಕಬೇಡಿ. ತಗ್ಗಾಗಿದ್ದು ಬಣ್ಣ ಒಡೆದಿಲ್ಲವಾದರೆ ಪೇಂಟ್ ಇಲ್ಲದೆ ಒಳಗಿನಿಂದ ಒತ್ತಿ ತೆಗೆಯುವವರಿದ್ದಾರೆ, ಮೊದಲು ಅವರನ್ನು ಕೇಳಿ. ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣದ ಕಾರಿಗೆ ಯಾವ ಪಾಲಿಶೂ ಹಚ್ಚಬಾರದು, ಉಜ್ಜಿದ ಕಡೆ ಹೊಳೆಯತೊಡಗುತ್ತದೆ. ಪಿಪಿಎಫ್, ಅಂದರೆ ಬಣ್ಣ ಕಾಪಾಡುವ ಪಾರದರ್ಶಕ ಫಿಲ್ಮ್ ಅಂಟಿಸಿದ್ದರೆ ಸಣ್ಣ ಗೀರು ಬಿಸಿಲಿಗೆ ತಾನೇ ಕೂಡಿಕೊಳ್ಳಬಹುದು, ಎರಡು ದಿನ ಕಾದು ನೋಡಿ.

ಪೇಂಟಿನ ಕೂಲಿ ಸಾಮಾನ್ಯವಾಗಿ ಪ್ಯಾನೆಲ್ ಲೆಕ್ಕ, ಗೀರಿನ ಉದ್ದದ ಲೆಕ್ಕವಲ್ಲ. ಒಂದು ಗೇಣಿನ ಗೀರಿಗೂ ಇಡೀ ಬಾಗಿಲು ಹೊಡೆಯುತ್ತಾರೆ. ಅದು ಮೋಸವಲ್ಲ, ನಡುವೆ ಕ್ಲಿಯರ್ ಕೋಟ್ ನಿಲ್ಲಿಸಿದರೆ ಅಂಚು ಕಾಣುತ್ತದೆ. ಕೇಳಬೇಕಾದ್ದು ಇಷ್ಟು: ಬಣ್ಣ ಹಾರ್ಡನರ್ (ಗಟ್ಟಿಗೊಳಿಸುವ ದ್ರವ) ಬೆರೆಸುವ 2ಕೆ ಜಾತಿಯದಾ? ಧೂಳು ಬಾರದ ಪೇಂಟ್ ಬೂತ್ ಒಳಗೆ ಹೊಡೆದು ಸುಮಾರು 60 ಡಿಗ್ರಿಯಲ್ಲಿ ಕಾಯಿಸುತ್ತೀರಾ, ಇಲ್ಲ ಬಯಲಲ್ಲಾ? ಸಿಲ್ವರ್, ಮೆಟಾಲಿಕ್ ಆದರೆ ಪಕ್ಕದ ಪ್ಯಾನೆಲ್ಲಿಗೆ ಬಣ್ಣ ಬೆರೆಸಿ ಹೊಂದಿಸುತ್ತೀರಾ? ನಮ್ಮ ಧೂಳಿನಲ್ಲಿ ಬಯಲು ಪೇಂಟ್ ಅಂದರೆ ಬಣ್ಣದೊಳಗೆ ಕಸ ಗ್ಯಾರಂಟಿ.

ಹಾರ್ಡನರ್ ಬೆರೆಸಿದ ಕ್ಲಿಯರನ್ನು ಮನೆಯಲ್ಲಿ ಹೊಡೆಯುವ ಸಾಹಸ ಬೇಡವೇ ಬೇಡ. ಅದರಲ್ಲಿ ಐಸೊಸೈನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಬರಬಹುದು, ಬಟ್ಟೆ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮಾಮೂಲಿ ಸ್ಪ್ರೇ ಡಬ್ಬಿಯನ್ನೂ ಬೇಸಿಗೆಯಲ್ಲಿ ಕಾರಿನೊಳಗೆ ಬಿಡಬೇಡಿ. 50 ಡಿಗ್ರಿ ದಾಟಿದರೆ ಸಿಡಿಯುವ ಅಪಾಯ ಇದೆ, ಮುಚ್ಚಿದ ಕಾರು ಅದನ್ನು ಸುಲಭವಾಗಿ ದಾಟುತ್ತದೆ.

ವಿಮೆಯ ಲೆಕ್ಕ ಹಾಕಿ ನೋಡಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ನಿಮ್ಮ ಕಾರಿನ ಗೀರಿಗೆ ಏನೂ ಸಿಗುವುದಿಲ್ಲ. ಪೂರ್ತಿ ಪಾಲಿಸಿ ಇದ್ದರೂ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕೆ ಮೇಲ್ಪಟ್ಟರೆ 2,000 ರೂಪಾಯಿ ಕಡ್ಡಾಯವಾಗಿ ನಿಮ್ಮ ಕೈಯಿಂದ. ಜತೆಗೆ ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ಪ್ರೀಮಿಯಂ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದು ಮೊದಲ ವರ್ಷಕ್ಕೆ ಶೇ. 20, ಏರುತ್ತಾ ಐದು ವರ್ಷಕ್ಕೆ ಶೇ. 50. ಒಂದೇ ಪ್ಯಾನೆಲ್ ಆದರೆ ಕೈಯಿಂದ ಕೊಡುವುದೇ ಹೆಚ್ಚಿನ ಸಲ ಅಗ್ಗ. ಎರಡು ಮೂರು ಪ್ಯಾನೆಲ್ ಹೋಗಿದ್ದರೆ ಕ್ಲೇಮ್ ಯೋಚಿಸಿ.

ಕಾರು ವಾಪಸ್ ತರುವಾಗ ಸಂಜೆ ಹೋಗಬೇಡಿ, ಬೆಳಕಿರುವಾಗ ಹೋಗಿ. ಹೊಸ ಪ್ಯಾನೆಲ್ ಮತ್ತು ಪಕ್ಕದ್ದನ್ನು ಬಿಸಿಲಲ್ಲಿ ಒಮ್ಮೆ, ನೆರಳಲ್ಲಿ ಒಮ್ಮೆ, ಓರೆಯಾಗಿ ನಿಂತು ಒಮ್ಮೆ ನೋಡಿ. ರಬ್ಬರ್ ಬೀಡಿಂಗ್, ಗಾಜಿನ ಮೇಲೆ ಬಣ್ಣದ ಹುಡಿ ಬಿದ್ದಿದ್ದರೆ ಅಲ್ಲೇ ತೆಗೆಸಿ. ಆಮೇಲೆ ಒಂದು ತಿಂಗಳು ಆ ಪ್ಯಾನೆಲ್ಲಿಗೆ ವ್ಯಾಕ್ಸ್, ಕೋಟಿಂಗ್ ಬೇಡ, ಪ್ರೆಷರ್ ವಾಷರ್ ಹತ್ತಿರ ಹಿಡಿಯುವುದೂ ಬೇಡ. ಬರೀ ನೀರು, ಮೆತ್ತನೆ ಬಟ್ಟೆ ಸಾಕು.